ಕಪ್ ಕೇಕಿಗೆ ಯಾರೂ ಚೌಕಾಸಿ ಮಾಡಲ್ಲ

ಮೊನ್ನೆ ಭಾನುವಾರ ನಮ್ಮ ಟೀಮಿನ ಹುಡುಗಿಯೊಬ್ಬಳ ಹುಟ್ಟುಹಬ್ಬ ಅಂತ ಇಂದಿರಾನಗರದ ಒಂದು ಕಪ್ ಕೇಕ್ ಬೇಕರಿಗೆ ಹೋಗಿದ್ದೆವು. ಅಂಗಡಿಯ ಹೆಸರು ಬೇಡ. ಅವರದ್ದೇನೂ ತಪ್ಪಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಬಾಗಿಲಿನಾಚೆಗೂ ಕ್ಯೂ ಇತ್ತು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತ ಕೇಕುಗಳು, ಒಂದೊಂದರ ಮುಂದೆಯೂ ಪುಟ್ಟ ಚೀಟಿ. ಒಂದು ಚೀಟಿಯಲ್ಲಿ ಬೆಲ್ಜಿಯನ್ ಚಾಕೊಲೇಟ್ ಅಂತಿತ್ತು. ಪಕ್ಕದ್ದರಲ್ಲಿ ಮಡಗಾಸ್ಕರ್ ವೆನಿಲಾ. ಮೂರನೆಯದು ಬಿಳೀ ಕ್ರೀಮಿನ ಮೇಲೆ ಕೊಬ್ಬರಿ ಪುಡಿ ಉದುರಿಸಿದ್ದು. ಅದರ ಚೀಟಿಯಲ್ಲಿ ಬರೀ 'ಕೋಕನಟ್'. ಬೆಲೆ 180 ರೂಪಾಯಿ.

ನಾನು ತುರುವೇಕೆರೆ ತಾಲ್ಲೂಕಿನವನು. ಅಪ್ಪ ಈಗಲೂ ಊರಲ್ಲೇ ಇದ್ದಾರೆ, ತೆಂಗಿನ ತೋಟ ಇದೆ, ಕೊಬ್ಬರಿ ಮಾಡಿ ತಿಪಟೂರಿಗೆ ಹಾಕ್ತಾರೆ. ಹಾಗಾಗಿ ಕ್ಯೂನಲ್ಲಿ ನಿಂತಾಗ ನನ್ನ ತಲೆ ತನ್ನಷ್ಟಕ್ಕೆ ಲೆಕ್ಕ ಹಾಕೋಕೆ ಶುರು ಮಾಡ್ತು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲ್‌ಗೆ 8,000 ರೂಪಾಯಿ ಆಸುಪಾಸಿಗೆ ಇಳಿದಿತ್ತು. ಅಂದರೆ ಕೆ.ಜಿ.ಗೆ 80. ಏಳೆಂಟು ಕಾಯಿ ಸೇರಿದರೆ ಒಂದು ಕೆ.ಜಿ. ಕೊಬ್ಬರಿ. 180 ರೂಪಾಯಿ ಅಂದರೆ ಎರಡೂಕಾಲು ಕೆ.ಜಿ., ಹದಿನಾರು ಹದಿನೇಳು ಕಾಯಿ. ನಮ್ಮ ತೋಟದಲ್ಲಿ ಒಂದು ಮರ ವರ್ಷಕ್ಕೆ ಐವತ್ತು ಕಾಯಿ ಬಿಟ್ಟರೆ ಅಪ್ಪನಿಗೆ ಸಂತೋಷ. ಆ ಲೆಕ್ಕದಲ್ಲಿ ನಾನು ಮೂರು ತುತ್ತಿಗೆ ಮುಗಿಸಿದ ಕೇಕು ಒಂದು ಮರದ ವರ್ಷದ ದುಡಿಮೆಯಲ್ಲಿ ಮೂರನೇ ಒಂದು ಪಾಲು.

ಇಂಥ ಲೆಕ್ಕದ ಬರಹಗಳು ನಿಮಗೂ ವಾಟ್ಸಾಪಿನಲ್ಲಿ ಬಂದಿರುತ್ತವೆ. ಪಿಜ್ಜಾಗೆ ಇಷ್ಟು ಕೊಡ್ತೀರಿ, ರೈತನ ಟೊಮ್ಯಾಟೊಗೆ ಎಷ್ಟು ಕೊಡ್ತೀರಿ ಅನ್ನೋ ಥರದವು. ಕೊನೆಯಲ್ಲಿ ಕೈಮುಗಿಯೋ ಚಿತ್ರ, ಜೈ ಕಿಸಾನ್. ನಾನೂ ಎಷ್ಟೋ ಸಲ ಫಾರ್ವರ್ಡ್ ಮಾಡಿದ್ದೀನಿ. ಆದರೆ ಈ ಲೆಕ್ಕ ಪೊಳ್ಳು ಅಂತ ಈಗ ಅನ್ನಿಸುತ್ತೆ. ಅಂಗಡಿಯವರು ಆ 180ರಲ್ಲಿ ಇಂದಿರಾನಗರದ ಬಾಡಿಗೆ ಕಟ್ಟಬೇಕು, ಕರೆಂಟು ಕಟ್ಟಬೇಕು, ಬೆಣ್ಣೆ ತರಬೇಕು, ಆರು ಜನಕ್ಕೆ ಸಂಬಳ ಕೊಡಬೇಕು, ರಾತ್ರಿ ಉಳಿದಿದ್ದನ್ನ ಎಸೀಬೇಕು. ಅವರು ನಮ್ಮಪ್ಪನ ಜೇಬಿಗೇನೂ ಕೈ ಹಾಕಿಲ್ಲ. ಕೇಕು ಅಗ್ಗ ಆದರೆ ಕೊಬ್ಬರಿಗೆ ರೇಟು ಬರೋದೂ ಇಲ್ಲ.

ನನ್ನ ಸಿಟ್ಟು ಬೇರೆಯದು. ಆ ಅಂಗಡಿಯಲ್ಲಿ ಅರ್ಧ ಗಂಟೆ ಇದ್ದೆ. ಮೂವತ್ತು ನಲವತ್ತು ಜನ ಕೊಂಡರು. ಒಬ್ಬರೂ 'ಲಾಸ್ಟ್ ಎಷ್ಟು ಹೇಳಿ' ಅನ್ನಲಿಲ್ಲ. 'ನಾಲ್ಕು ತಗೋತೀನಿ, 500 ಮಾಡ್ಕೊಳ್ಳಿ' ಅನ್ನಲಿಲ್ಲ. ಬೆಲೆ ಬರೆದವರು ಅಂಗಡಿಯವರು. ಬೇಕಾದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ. ಅದೇ ಜನ, ಅವರಲ್ಲಿ ನಾನೂ ಒಬ್ಬ, ಹೊರಗೆ ಬಂದು ಗಾಡಿ ಮೇಲೆ ಕಾಯಿ ಮಾರೋ ಹೆಂಗಸಿನ ಹತ್ತಿರ ಐದು ರೂಪಾಯಿಗೆ ಜಗಳ ಆಡ್ತೀವಿ. 180 ದೊಡ್ಡದು, 80 ಚಿಕ್ಕದು ಅನ್ನೋದಲ್ಲ ವಿಷಯ. ಒಬ್ಬರಿಗೆ ತಮ್ಮ ಮಾಲಿನ ಬೆಲೆ ತಾವೇ ಹೇಳೋ ಹಕ್ಕಿದೆ, ಇನ್ನೊಬ್ಬರಿಗೆ ಇಲ್ಲ. ಯಾಕಿಲ್ಲ ಅನ್ನೋದು ವಿಷಯ.

ನಮ್ಮ ಕಡೆಯ ಕೊಬ್ಬರಿ ಹೇಗಾಗುತ್ತೆ ಅಂತ ಬೆಂಗಳೂರಿನ ನನ್ನ ಗೆಳೆಯರಿಗೆ ಗೊತ್ತಿಲ್ಲ. ಕಾಯಿ ಒಡೆದು ಬಿಸಿಲಿಗೆ ಹಾಕಿದರೆ ಆಯ್ತು ಅಂದುಕೊಂಡಿದ್ದಾರೆ. ಅದು ಎಣ್ಣೆ ಕೊಬ್ಬರಿ, ಕೇರಳದ ಕಡೆ ಹೆಚ್ಚು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಮಾಡೋದು ಉಂಡೆ ಕೊಬ್ಬರಿ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಸುಮಾರು ಒಂದು ವರ್ಷ. ಇಳಿಸಿದ ಕಾಯಿಯನ್ನ ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿದರೆ ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡೋಕೆ ಇನ್ನೂ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷ. ಕಾಯಿ ಕೈಯಲ್ಲಿ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಮೇಲೆ ಮಟ್ಟೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ಕುಟ್ಟಿ ತೆಗೀಬೇಕು. ಇದು ಹೆಚ್ಚಾಗಿ ಹೆಂಗಸರ ಕೆಲಸ. ಸಂಜೆ ಹೊತ್ತಿಗೆ ಅವರ ಬೆರಳುಗಳನ್ನ ನೋಡಿದವರಿಗೆ ಗೊತ್ತು. ಹೂವಿನಿಂದ ಚೀಲದವರೆಗೆ ಹತ್ತಿರ ಹತ್ತಿರ ಎರಡು ವರ್ಷ. ಕಪ್ ಕೇಕು ಒಲೆಯಲ್ಲಿ ಇಪ್ಪತ್ತು ನಿಮಿಷ.

ಎರಡು ವರ್ಷದ ಈ ಮಾಲನ್ನ ಅಪ್ಪ ಟೆಂಪೋಗೆ ಹಾಕಿಸಿ ತಿಪಟೂರು ಎಪಿಎಂಸಿಗೆ ತಗೊಂಡು ಹೋಗ್ತಾರೆ. ದೇಶದಲ್ಲೇ ಹೆಸರಾದ ಕೊಬ್ಬರಿ ಮಾರುಕಟ್ಟೆ ಅದು. ಅಲ್ಲಿಂದ ಉಂಡೆ ಕೊಬ್ಬರಿ ಉತ್ತರ ಭಾರತದ ಹಬ್ಬಕ್ಕೆ, ಮದುವೆಗೆ, ಸಿಹಿತಿಂಡಿಗೆ ಹೋಗುತ್ತೆ. ಲಾಟು ಹಾಕಿದ ಮೇಲೆ ವರ್ತಕರು ಟೆಂಡರಿನಲ್ಲಿ ರೇಟು ಬರೀತಾರೆ. ಅಪ್ಪ ಬರೆಯೋದಲ್ಲ, ಓದೋದು. ಒಪ್ಪದಿದ್ದರೆ ವಾಪಸ್ ತರಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ಟೆಂಪೋ ಬಾಡಿಗೆ ಆಗಲೇ ಕೊಟ್ಟಾಗಿದೆ. ಸುಲಿದ ಕೊಬ್ಬರಿ ಇಟ್ಟಷ್ಟೂ ತೂಕ ಕಳಕೊಳ್ಳುತ್ತೆ, ಮಳೆಗಾಲ ಬಂದರೆ ಬೂಷ್ಟು ಹಿಡಿಯುತ್ತೆ. ಸೊಸೈಟಿ ಸಾಲದ ಕಂತು ಬಾಗಿಲಲ್ಲಿ ನಿಂತಿರುತ್ತೆ. ಹಾಗಾಗಿ ಒಪ್ಕೋತಾರೆ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಫೋನು ಮಾಡಿ ಅಮ್ಮ ಕೇಳೋ ಮೊದಲ ಮಾತು ಒಂದೇ: 'ಇವತ್ತು ಏನ್ ರೇಟ್ ಆಯ್ತಂತೆ?' ಗಮನಿಸಿ, 'ನಾವು ಏನ್ ರೇಟ್ ಹೇಳಿದ್ವಿ' ಅಂತಲ್ಲ.

ಬೆಂಬಲ ಬೆಲೆ ಇದೆಯಲ್ಲ ಅಂತೀರಿ. ಇದೆ. 2023ರಲ್ಲಿ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಉಂಡೆ ಕೊಬ್ಬರಿಗೆ 11,750 ಇತ್ತು. ಮಾರುಕಟ್ಟೆಯಲ್ಲಿ 8,000. ಮರುವರ್ಷ ಬೆಂಬಲ ಬೆಲೆ 12,000 ಆಯ್ತು, ಮೇಲೆ ರಾಜ್ಯ ಸರ್ಕಾರ 1,500 ಸೇರಿಸ್ತು. ಸರ್ಕಾರಕ್ಕೆ ಮಾರೋಕೆ ಮೊದಲು ನೋಂದಣಿ ಆಗಬೇಕು. ಒಬ್ಬ ರೈತನಿಂದ ಇಂತಿಷ್ಟೇ ಕ್ವಿಂಟಾಲ್ ಅನ್ನೋ ಮಿತಿ. ನೋಂದಣಿಗೆ ಹಿಂದಿನ ರಾತ್ರಿಯೇ ಹೋಗಿ ಚಪ್ಪಲಿ, ಟವೆಲ್ಲು ಸಾಲಿಗಿಟ್ಟು ಚಳಿಯಲ್ಲಿ ಮಲಗಿದವರು ನಮ್ಮೂರಿನ ಅರವತ್ತು ದಾಟಿದವರು. ಇಂದಿರಾನಗರದಲ್ಲೂ ಕ್ಯೂ, ಅಲ್ಲೂ ಕ್ಯೂ. ಇಲ್ಲಿ ಕೊಳ್ಳೋರು ನಿಲ್ತಾರೆ, ಅಲ್ಲಿ ಮಾರೋರು ನಿಲ್ತಾರೆ.

'ಈಗ ರೇಟ್ ಬಂದಿದೆಯಲ್ಲಪ್ಪ, ಇನ್ನೇನು ಅಳೋದು?' ಅಂತ ಆಫೀಸಿನಲ್ಲಿ ಒಬ್ಬ ಕೇಳಿದ. ನಿಜ, 2025ರ ಮಧ್ಯದ ಹೊತ್ತಿಗೆ ಕೊಬ್ಬರಿ ಕ್ವಿಂಟಾಲ್‌ಗೆ 25,000 ದಾಟಿತು. ಯಾಕೆ ದಾಟಿತು? ಮರದಲ್ಲಿ ಕಾಯಿ ಇರಲಿಲ್ಲ. 2023ರ ಬರ, ಮರುವರ್ಷದ ಬೇಸಿಗೆಯ ಧಗೆ, ಬಿಳಿನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಎಲ್ಲ ಸೇರಿ ಇಳುವರಿ ಕಿತ್ಕೊಂಡವು. ರೇಟು ಬಿದ್ದಾಗ ಬೇಸತ್ತ ಎಷ್ಟೋ ಜನ ಎಳನೀರಿಗೇ ಕಡಿಸಿಬಿಟ್ಟಿದ್ದರು. ಅಟ್ಟ ಖಾಲಿ ಇದ್ದಾಗ 25,000 ಆದರೇನು, 50,000 ಆದರೇನು? ಅಪ್ಪ ಆ ವರ್ಷ ಹಾಕಿದ್ದು ಹಿಂದಿನ ವರ್ಷಗಳ ಅರ್ಧಕ್ಕಿಂತ ಕಮ್ಮಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರೇಟು 8,000ಕ್ಕೆ ಬಿದ್ದಾಗ ಯಾಕೆ ಬಿತ್ತು ಅಂತ ಅಪ್ಪನನ್ನ ಯಾರೂ ಕೇಳಿರಲಿಲ್ಲ. 25,000ಕ್ಕೆ ಏರಿದಾಗಲೂ ಕೇಳಲಿಲ್ಲ. ಕೇಳದೆ ಏರಿದ ರೇಟು ನಾಳೆ ಕೇಳದೆ ಇಳಿಯುತ್ತೆ.

ಆ ತಿಂಗಳುಗಳಲ್ಲಿ ಬೆಂಗಳೂರಿನ ಗೋಳು ನೋಡಬೇಕಿತ್ತು. ಕಾಯಿ ಅರವತ್ತಾಯ್ತು, ದರ್ಶಿನಿಯಲ್ಲಿ ಚಟ್ನಿ ನೀರಾಯ್ತು, ಎರಡನೇ ಸಲ ಕೇಳಿದರೆ ಹಾಕ್ತಿಲ್ಲ ಅಂತ ಟಿವಿಯಲ್ಲಿ, ಪೇಪರಿನಲ್ಲಿ, ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಗಲಾಟೆಯೋ ಗಲಾಟೆ. ಇದೇ ಗ್ರೂಪು 2023ರಲ್ಲಿ ತಿಪಟೂರಿನ ರೈತರು ಧರಣಿ ಕೂತಿದ್ದಾಗ ಏನು ಚರ್ಚೆ ಮಾಡ್ತಿತ್ತು ಅಂತ ಹಿಂದಕ್ಕೆ ಸ್ಕ್ರೋಲ್ ಮಾಡಿ ನೋಡಿದೆ. ಲಿಫ್ಟು, ನಾಯಿ, ವಿಸಿಟರ್ ಪಾರ್ಕಿಂಗು. ನನ್ನದೂ ಒಂದು ಮೆಸೇಜಿತ್ತು, ಪಾರ್ಕಿಂಗ್ ಬಗ್ಗೆ. ಕಪ್ ಕೇಕು 150ರಿಂದ 180 ಆದಾಗ ಮಾತ್ರ ಯಾರೂ ಗಲಾಟೆ ಮಾಡಿಲ್ಲ.

ಇನ್ನೊಂದು ಜಾತಿಯ ಜನ ಇದ್ದಾರೆ, ಉಪದೇಶಕರು. 'ಮೌಲ್ಯವರ್ಧನೆ ಮಾಡ್ರಪ್ಪ, ರೈತ ಉದ್ಯಮಿ ಆಗಬೇಕು' ಅಂತ ಪ್ರತಿ ಕೃಷಿಮೇಳದಲ್ಲೂ ಮೈಕ್ ಹಿಡೀತಾರೆ. ಆ ಮಾತು ನಂಬಿ ನಾವೂ ಕೈ ಸುಟ್ಟುಕೊಂಡಿದ್ದೀವಿ. 2023ರಲ್ಲಿ ರೇಟು ಬಿದ್ದಾಗ ನಾನು, ನನ್ನ ಜೊತೆ ಓದಿದ ಇಬ್ಬರು ಸೇರಿ, ಕೊಬ್ಬರಿ ತುರಿದು ಪುಡಿ ಮಾಡಿ ಬೆಂಗಳೂರಿನ ಬೇಕರಿಗಳಿಗೆ ಕೊಡೋಣ ಅಂತ ಹೊರಟೆವು. ನಲವತ್ತು ಕೆ.ಜಿ. ಪುಡಿ ಆಯ್ತು. ಮೊದಲ ಬೇಕರಿಯವರು ಪ್ಯಾಕೆಟ್ ಬಿಚ್ಚಿ ನೋಡಿ ನಕ್ಕರು. ಬೇಕರಿಗೆ ಬೇಕಾಗಿರೋ ಬಿಳೀ ಪುಡಿ ಕೊಬ್ಬರಿಯಿಂದ ಮಾಡೋದೇ ಅಲ್ಲ. ಬಲಿತ ಹಸಿ ಕಾಯಿಯ ಕಂದು ಸಿಪ್ಪೆ ಹೆರೆದು, ತೊಳೆದು, ತುರಿದು, ಬಿಸಿಗಾಳಿಯಲ್ಲಿ ತೇವಾಂಶ ಶೇಕಡಾ 3ರ ಸುತ್ತ ಬರೋ ಹಾಗೆ ಒಣಗಿಸ್ತಾರೆ. ತಿಪಟೂರಿನಲ್ಲೇ ಅದರ ಕಾರ್ಖಾನೆಗಳಿವೆ. ಆ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿಕೊಂಡೇ ಓದಿದ ಮೂವರು ಇಂಜಿನಿಯರುಗಳಿಗೆ ಇಷ್ಟು ಗೊತ್ತಿರಲಿಲ್ಲ. ನಮ್ಮ ಪುಡಿ ಹಳದಿಗಿತ್ತು, ಎಣ್ಣೆ ಬಿಡ್ತಿತ್ತು, ಒಂದೂವರೆ ತಿಂಗಳಿಗೆ ಕನರು ವಾಸನೆ ಬಂತು. ಇನ್ನೊಂದು ಕಡೆ ತಗೋತೀವಿ ಅಂದರು. ಆದರೆ ಲೈಸೆನ್ಸು, ಲ್ಯಾಬ್ ರಿಪೋರ್ಟು, ಪ್ರತಿ ವಾರ ತಪ್ಪದ ಸಪ್ಲೈ ಬೇಕು, ದುಡ್ಡು ಎರಡು ತಿಂಗಳಾದ ಮೇಲೆ. ಎರಡು ತಿಂಗಳು ಕಾಯೋಕೆ ಆಗೋ ರೈತನಿಗೆ ಮೌಲ್ಯವರ್ಧನೆ ಉಪದೇಶ ಬೇಕಾಗಿಲ್ಲ. ಅವನು ಕೊಬ್ಬರಿಯನ್ನೇ ಇಟ್ಟುಕೊಂಡು ಒಳ್ಳೇ ರೇಟಿಗೆ ಮಾರ್ತಾನೆ. ಅಂದರೆ ಬೇಕಾಗಿರೋದು ಕಾಯೋ ಶಕ್ತಿ. ಅದು ಮೈಕಿನಿಂದ ಬರಲ್ಲ. ಗೋಡೌನಿನಿಂದ, ಕಡಿಮೆ ಬಡ್ಡಿಯ ದುಡ್ಡಿನಿಂದ, ಕೆಲಸ ಗೊತ್ತಿರೋ ಒಬ್ಬನಿಂದ ಬರುತ್ತೆ.

ಕೆಲಸ ಗೊತ್ತಿರೋರು ಅಂದಾಗ ನಮ್ಮ ಪಕ್ಕದ ಜಿಲ್ಲೆ ನೆನಪಾಗುತ್ತೆ. ತಿಪಟೂರಿನ ಗಡಿಗೆ ತಾಗಿದ್ದು ಅರಸೀಕೆರೆ, ಹಾಸನ ಜಿಲ್ಲೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಮೂಲ ಆ ಜಿಲ್ಲೆಯ ಹಳ್ಳಿಗಳು. ಹಾಸನ ಕಡೆಯ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ಶುರು ಮಾಡಿದರು ಅನ್ನೋದರಿಂದ ಆ ಕಥೆ ಆರಂಭ ಆಗುತ್ತೆ. ಆಮೇಲೆ ಒಬ್ಬರು ಇನ್ನೊಬ್ಬರನ್ನ ಕರ್ಕೊಂಡು ಬಂದರು. ತಮ್ಮ, ಭಾವ, ಊರಿನ ಹುಡುಗ. ಬಂದವನು ಮೊದಲು ಹಿಟ್ಟು ನಾದಿದ, ಒಲೆ ನೋಡ್ಕೊಂಡ, ನಾಲ್ಕೈದು ವರ್ಷ ಕಳೆದ ಮೇಲೆ ಬೇರೆ ಬಡಾವಣೆಯಲ್ಲಿ ತನ್ನದೇ ಬೋರ್ಡು ಹಾಕ್ದ. ದಿಲ್‌ಪಸಂದ್, ಖಾರಾ ಬನ್ನು, ಜ್ಯಾಮಿನ ಮೇಲೆ ಕೊಬ್ಬರಿ ಪುಡಿ ಉದುರಿಸಿದ ಹನಿ ಕೇಕು ಎಲ್ಲ ಊರೂರಿಗೆ ಹಬ್ಬಿದ್ದು ಹೀಗೆ. ತಿಪಟೂರು ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಪೇಪರ್ ಸುತ್ತಿದ ಕಪ್ ಕೇಕು ನನ್ನ ಬಾಲ್ಯದಲ್ಲೂ ಇತ್ತು, ಎರಡು ರೂಪಾಯಿಗೆ. ಇಂದಿರಾನಗರದವರು ಹೊಸದೇನೂ ಕಂಡುಹಿಡಿದಿಲ್ಲ. 1796ರಲ್ಲೇ ಅಮೆರಿಕದ ಅಮೇಲಿಯಾ ಸಿಮನ್ಸ್ ತನ್ನ ಅಡುಗೆ ಪುಸ್ತಕದಲ್ಲಿ ಸಣ್ಣ ಕಪ್ಪುಗಳಲ್ಲಿ ಬೇಯಿಸೋ ಕೇಕಿನ ವಿಧಾನ ಬರೆದಿದ್ದಾಳೆ. ನ್ಯೂಯಾರ್ಕಿನಲ್ಲಿ 1996ರಲ್ಲಿ ಒಂದು ಮೂಲೆ ಅಂಗಡಿಯಾಗಿ ಶುರುವಾದ ಮ್ಯಾಗ್ನೋಲಿಯಾ ಬೇಕರಿ ಟಿವಿ ಧಾರಾವಾಹಿಯೊಂದರಲ್ಲಿ ಕಾಣಿಸಿಕೊಂಡ ಮೇಲೆ ಈ ಪುಟ್ಟ ಕೇಕಿಗೆ ಜಗತ್ತಿನಾದ್ಯಂತ ಹುಚ್ಚು ಹಿಡೀತು. ಆ ಬೇಕರಿ ಈಗ ಬೆಂಗಳೂರಿನಲ್ಲೂ ಇದೆ. ಮಾಲು ಹಳೇದು. ದುಡ್ಡು ತಂದಿದ್ದು ಹೆಸರು.

ನಾವು ತೆಂಗಿನ ಸೀಮೆಯವರೂ ಒಬ್ಬರನ್ನೊಬ್ಬರು ಕರ್ಕೊಂಡು ಬಂದ್ವಿ. ಎಲ್ಲಿಗೆ? ಮಾರತ್ತಹಳ್ಳಿಯ ಪಿಜಿಗೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಬಿಇ ಓದಿದ ನನ್ನಂಥವರು ನಮ್ಮ ಮೂರು ತಾಲ್ಲೂಕಿನಿಂದಲೇ ಬೆಂಗಳೂರಿನಲ್ಲಿ ಎಷ್ಟು ಜನ ಇಲ್ಲ? ಒಬ್ಬ ಇನ್ನೊಬ್ಬನಿಗೆ ರೆಫರಲ್ ಹಾಕಿ ಬೋನಸ್ ತಗೊಂಡ. ತಪ್ಪಲ್ಲ, ನಾನೂ ತಗೊಂಡಿದ್ದೀನಿ. ಆದರೆ ಹದಿನೈದು ವರ್ಷದಲ್ಲಿ ನಾವು ಊರಿಗೆ ವಾಪಸ್ ಕಳಿಸಿದ್ದೇನು? ತಿಂಗಳಿಗೊಂದು ಫೋನ್ ಪೇ, ಹಬ್ಬಕ್ಕೊಂದು ಕಾರು, ಒಂದು ಸೆಲ್ಫಿ. ದುಡ್ಡೆಲ್ಲ ನೆಲಮಂಗಲದಾಚೆ ಲೇಔಟಿನ ಸೈಟುಗಳ ಮೇಲೆ. ನಾವು ಹತ್ತು ಜನ ಒಂದೊಂದು ಸೈಟಿನ ಅಡ್ವಾನ್ಸ್ ದುಡ್ಡು ಹಾಕಿದ್ದರೆ ಊರಿನಲ್ಲೊಂದು ಗೋಡೌನು, ಒಂದು ಡ್ರೈಯರು ಆಗ್ತಿತ್ತು. ಪ್ರಪಂಚದ ಯಾವುದೋ ಮೂಲೆಯ ಕಂಪನಿಗೆ ಗಿರಾಕಿ ಯಾವ ಬಟನ್ ಒತ್ತುತ್ತಾನೆ, ಬೆಲೆ ಎಷ್ಟಿಟ್ಟರೆ ಕೊಳ್ತಾನೆ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಅಪ್ಪನ ಕೊಬ್ಬರಿಗೆ ಬೆಲೆ ಇಡೋಕೆ ಒಂದು ಸಾಲು ಬರೆದಿಲ್ಲ. ಉಂಡೆ ಕೊಬ್ಬರಿ ಚಿಪ್ಪು ಬಿಚ್ಚಿಕೊಂಡು ಹೆಸರಿಲ್ಲದೆ ಲಾರಿ ಹತ್ತುತ್ತೆ ಅಂತ ಬಯ್ಯೋ ನಾನು ಏನು ಕಮ್ಮಿ?

ಊರಿಗೆ ಹೋಗುವಾಗ ಆ ಬೇಕರಿಯಿಂದಲೇ ನಾಲ್ಕು ಕಪ್ ಕೇಕು ಕಟ್ಟಿಸಿಕೊಂಡು ಹೋಗಿದ್ದೆ. ಅಮ್ಮ ಅರ್ಧ ತಿಂದು 'ಸಿಹಿ ಜಾಸ್ತಿ' ಅಂತ ಇಟ್ಟರು. ಅಪ್ಪ ಪೂರ್ತಿ ತಿಂದರು. ಪುಡಿಯನ್ನ ಬೆರಳಲ್ಲಿ ತಿಕ್ಕಿ ನೋಡಿ 'ಹಸಿ ಕಾಯಿದು, ಚೆನ್ನಾಗಿ ಒಣಗಿಸವ್ರೆ' ಅಂದರು. ಬಿಳೀ ಕ್ರೀಮು ಏನದು ಅಂದರು. ಇಲ್ಲಿ ಬೆಣ್ಣೆ ಅಂತ ಹೇಳಿದ್ದಾರೆ, ಆದರೆ ಸಾಮಾನ್ಯ ಬೇಕರಿಗಳ ಕೇಕಿನ ಮೇಲಿನ ಕ್ರೀಮು ಹೆಚ್ಚಾಗಿ ತಾಳೆ ಬೀಜದ ಎಣ್ಣೆಯಿಂದ ಮಾಡಿದ್ದು ಅಂದೆ. ಭಾರತಕ್ಕೆ ತಾಳೆ ಎಣ್ಣೆ ಬರೋದು ಹೆಚ್ಚಾಗಿ ಇಂಡೊನೇಷ್ಯಾ, ಮಲೇಷ್ಯಾದಿಂದ. ಗುಣದಲ್ಲಿ ಕೊಬ್ಬರಿ ಎಣ್ಣೆಗೆ ತೀರಾ ಹತ್ತಿರದ ನೆಂಟ ಈ ತಾಳೆ ಬೀಜದ ಎಣ್ಣೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು 'ಅಂದ್ರೆ ಕೇಕಿನೊಳಗೂ ನಮಗೆ ಕಾಂಪಿಟೇಶನ್ ಐತೆ' ಅಂದರು. ಬೆಲೆ ಕೇಳಿದಾಗ ಹೇಳಿದೆ. ಬಯ್ತಾರೆ ಅಂದುಕೊಂಡಿದ್ದೆ. 'ಅವರ ಮಾಲು, ಅವರು ಹೇಳ್ತಾರೆ. ಹೇಳೋಕಾಗುತ್ತಲ್ಲ ಅವರಿಗೆ' ಅಂದರು. ನನ್ನ ವಾಟ್ಸಾಪ್ ಲೆಕ್ಕಕ್ಕಿಂತ ಅವರಿಗೆ ವಿಷಯ ಚೆನ್ನಾಗಿ ಅರ್ಥ ಆಗಿತ್ತು.

ಹಾಗಾದರೆ ಏನು ಮಾಡೋಣ? ಕಪ್ ಕೇಕು ತಿನ್ನಬೇಡಿ ಅಂತ ನಾನು ಹೇಳಲ್ಲ. ತಿನ್ನಿ. ಆದರೆ ಮಡಗಾಸ್ಕರಿನ ವೆನಿಲಾಕ್ಕೆ ಚೀಟಿಯಲ್ಲಿ ಊರಿದೆ, ಬೆಲ್ಜಿಯಮ್ಮಿನ ಚಾಕೊಲೇಟಿಗೆ ದೇಶವಿದೆ, 140 ಕಿಲೋಮೀಟರ್ ದೂರದ ತೆಂಗಿಗೆ ಯಾಕಿಲ್ಲ ಅಂತ ಕೇಳಿ. ಧಾರವಾಡ ಪೇಡೆ ಅಂದರೆ ಜನ ಚೌಕಾಸಿ ಮಾಡದೆ ಕೊಳ್ತಾರೆ, ನಂಜನಗೂಡು ರಸಬಾಳೆ ಅಂದರೆ ಹುಡುಕಿಕೊಂಡು ಹೋಗ್ತಾರೆ. ಊರಿನ ಹೆಸರು ಮಾಲಿನ ಮೇಲೆ ಕೂತರೆ ಬೆಲೆ ಹೇಳೋ ಧೈರ್ಯ ಬರುತ್ತೆ. 'ಕೋಕನಟ್' ಅನ್ನೋದು ಎಲ್ಲಿಂದಲಾದರೂ ಬರಬಹುದು, ನಾಳೆ ಅಗ್ಗಕ್ಕೆ ಸಿಕ್ಕ ಕಡೆಯಿಂದ ಬರುತ್ತೆ. 'ತಿಪಟೂರು ತೆಂಗು' ತಿಪಟೂರಿನಿಂದಲೇ ಬರಬೇಕು.

ನಮ್ಮ ಸೀಮೆಯ ಬಿಇಗಳಿಗೆ ಬೇರೆ ಮಾತಿದೆ. ಒಂದು ಸೈಟು ಸಾಕು. ಎರಡನೇ ಸೈಟಿನ ದುಡ್ಡು ಊರಿಗೆ ಹಾಕಿ. ಹೀರೋ ಆಗೋಕೆ ಅಲ್ಲ, ಸ್ಟಾರ್ಟಪ್ ಅಂತ ಪೋಸ್ಟ್ ಹಾಕೋಕೆ ಅಲ್ಲ. ಅಪ್ಪ ಮೂರು ತಿಂಗಳು ಕಾಯೋ ಹಾಗಾಗಲಿ, ರೇಟು ಸರಿಯಿಲ್ಲದ ದಿನ ಲಾಟು ವಾಪಸ್ ತರೋ ಹಾಗಾಗಲಿ ಅಂತ. ನಮ್ಮ ನಲವತ್ತು ಕೆ.ಜಿ. ಪುಡಿ ಕನರಿದ್ದು ನಮಗೆ ಕೆಲಸ ಗೊತ್ತಿಲ್ಲದ್ದಕ್ಕೆ. ನಮ್ಮ ಮೂವರಲ್ಲಿ ಒಬ್ಬ ಈಗ ರಾಜೀನಾಮೆ ಕೊಟ್ಟು ಅಂಥದ್ದೇ ಕಾರ್ಖಾನೆಯೊಂದರಲ್ಲಿ ಕೆಲಸ ಕಲೀತಿದ್ದಾನೆ, ಸಂಬಳ ಮೊದಲಿನದರ ಕಾಲು ಭಾಗ. ಅವನ ಮನೆಯವರು ಅವನಿಗೆ ತಲೆ ಕೆಟ್ಟಿದೆ ಅಂತಾರೆ. ನಾನು ರಾಜೀನಾಮೆ ಕೊಟ್ಟಿಲ್ಲ, ಇಎಂಐ ಇದೆ. ಅವನ ಡ್ರೈಯರಿಗೆ ದುಡ್ಡು ಹಾಕ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಇಲ್ಲಿ ಬರೆದಿದ್ದೀನಿ, ಇನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ.

ಮುಂದಿನ ಭಾನುವಾರ ಮತ್ತೆ ಇಂದಿರಾನಗರಕ್ಕೆ ಹೋಗ್ತೀನಿ. ಆ ಕೊಬ್ಬರಿ ಪುಡಿ ಎಲ್ಲಿಂದ ತರಿಸ್ತೀರಿ ಅಂತ ಕೌಂಟರಿನಲ್ಲಿ ಕೇಳ್ತೀನಿ. ಕಳೆದ ಸಲ ನಿಂತಿದ್ದ ಹುಡುಗನಿಗೆ ಗೊತ್ತಿರಲಿಲ್ಲ, ಮಾಲೀಕರನ್ನ ಕೇಳಿ ಹೇಳ್ತೀನಿ ಅಂದಿದ್ದ. ನೀವೂ ನಿಮ್ಮ ಬೀದಿಯ ಬೇಕರಿಯಲ್ಲಿ ಕೇಳಿ. ನಾಲ್ಕು ಜನ ಕೇಳಿದರೆ ನಗ್ತಾರೆ, ನಲವತ್ತು ಜನ ಕೇಳಿದರೆ ಚೀಟಿ ಬದಲಾಯಿಸ್ತಾರೆ. ಹೊರಗೆ ಬರುವಾಗ ಗಾಡಿಯ ಹತ್ತಿರ ಕಾಯಿ ತಗೊಂಡರೆ, ಅವರು ಹೇಳಿದಷ್ಟು ಕೊಟ್ಟು ಬನ್ನಿ.